ಪರದೆಯ ಅಂಕಿ, ಕಾಡಿನ ಮರ: ಚಿಂಪಾಂಜಿಯ ನೆನಪಿನ ಬಗ್ಗೆ ಸಂಪಾದಕರ ಉತ್ತರ

ಓದುಗರ ಪತ್ರ: “ಪರದೆಯ ಮೇಲೆ ಮಿಂಚಿ ಮರೆಯಾದ ಅಂಕಿಗಳ ಜಾಗವನ್ನು ಜಪಾನಿನ ಚಿಂಪಾಂಜಿಯೊಂದು ತಪ್ಪಿಲ್ಲದೆ ಮುಟ್ಟುವ ವಿಡಿಯೊವನ್ನು ಏಳನೇ ತರಗತಿಯ ಮಕ್ಕಳಿಗೆ ತೋರಿಸಿದೆ. ‘ನಮಗಿಂತ ಅದೇ ಜಾಣ’ ಎಂದರು. ಮಾತು ಕಲಿತ ಮೇಲೆ ಮನುಷ್ಯ ಈ ಶಕ್ತಿಯನ್ನು ಕಳೆದುಕೊಂಡ ಎಂದು ಓದಿದ್ದೇನೆ. ನಿಜವೇ? ಅಂಕಿಯೇ ಇಲ್ಲದ ಕಾಡಿನಲ್ಲಿ ಚಿಂಪಾಂಜಿಗೆ ಇಂಥ ನೆನಪು ಯಾತಕ್ಕೆ? ಇದನ್ನೆಲ್ಲ ಮಕ್ಕಳಿಗೆ ಹೇಗೆ ಹೇಳಿಕೊಡಲಿ?”
ಶಾಲಾ ಶಿಕ್ಷಕಿ, ಶಿರಸಿ

ನಮಸ್ಕಾರ ಮೇಡಂ,

ನಿಮ್ಮ ಎರಡನೇ ಪ್ರಶ್ನೆಗೆ ಹೆಚ್ಚು ಜಾಗ ಕೊಡಬೇಕೆಂಬ ಆಸೆ ನನ್ನದು. ಆದರೆ ಮೊದಲು ಆ ವಿಡಿಯೊದ ವಿಷಯ ಮುಗಿಸೋಣ.

ಮಕ್ಕಳು ನೋಡಿದ ಚಿಂಪಾಂಜಿಯ ಹೆಸರು ಆಯುಮು. ಹುಟ್ಟಿದ್ದು 2000ನೇ ಇಸವಿಯ ಏಪ್ರಿಲ್‌ನಲ್ಲಿ, ಜಪಾನಿನ ಇನುಯಾಮದಲ್ಲಿರುವ ಕ್ಯೋಟೊ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರದಲ್ಲಿ. ಅವನ ತಾಯಿ ‘ಆಯ್’ ಎಷ್ಟೋ ವರ್ಷಗಳಿಂದ ಅಲ್ಲಿ ಅಂಕಿಗಳನ್ನು ಕಲಿಯುತ್ತಿದ್ದವಳು. ತೆತ್ಸುರೊ ಮಾತ್ಸುಜಾವಾ ಮತ್ತು ಸನಾ ಇನೊವೆ 2007ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿತ್ತು: ಪರದೆಯ ಮೇಲೆ ಐದು ಅಂಕಿಗಳು ಅಲ್ಲಲ್ಲಿ ಮೂಡುತ್ತವೆ, ಕ್ಷಣದಲ್ಲಿ ಬಿಳಿ ಚೌಕಗಳಾಗಿಬಿಡುತ್ತವೆ. ಯಾವ ಚೌಕದ ಹಿಂದೆ ಯಾವ ಅಂಕಿಯಿತ್ತೆಂದು ನೆನಪಿಟ್ಟು, ಚಿಕ್ಕದರಿಂದ ದೊಡ್ಡದಕ್ಕೆ ಮುಟ್ಟುತ್ತ ಹೋಗಬೇಕು. ಅಂಕಿಗಳು 650 ಮಿಲಿಸೆಕೆಂಡ್ ಕಾಣಿಸಿದಾಗ ಆಯುಮುವೂ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಹೆಚ್ಚುಕಡಿಮೆ ಸರಿಸಮ, ಇಬ್ಬರದೂ ಶೇ 80ರ ಆಸುಪಾಸು. ಅವಧಿಯನ್ನು 210 ಮಿಲಿಸೆಕೆಂಡಿಗೆ ಇಳಿಸಿದಾಗ ವಿದ್ಯಾರ್ಥಿಗಳು ಶೇ 40ಕ್ಕೆ ಕುಸಿದರು. ಆಯುಮು ಅಲುಗಲಿಲ್ಲ.

ಆದರೆ ಅದೇ ಪರೀಕ್ಷೆಯಲ್ಲಿ ಅವನ ತಾಯಿಯೂ ಕುಸಿದಿದ್ದಳು ಎಂಬುದನ್ನು ಮಕ್ಕಳಿಗೆ ದಯವಿಟ್ಟು ಹೇಳಿ. ಅವಳೂ ಚಿಂಪಾಂಜಿಯೇ, ಅಂಕಿಗಳಲ್ಲಿ ಮಗನಿಗಿಂತ ಹಳಬಳು. ಇನ್ನೊಂದು ಸಂಗತಿ, ಆಯುಮುವಿಗೆ ಆ ಪರದೆಯ ಮುಂದೆ ಸುದೀರ್ಘ ಅಭ್ಯಾಸವಿತ್ತು; ಎದುರಾಳಿ ವಿದ್ಯಾರ್ಥಿಗಳಿಗೆ ಇರಲಿಲ್ಲ. 2009 ಮತ್ತು 2010ರಲ್ಲಿ ಬೇರೆ ಸಂಶೋಧಕರು ಮನುಷ್ಯರಿಗೂ ಸಾಕಷ್ಟು ಅಭ್ಯಾಸ ಕೊಟ್ಟು ನೋಡಿದರು. ಅಭ್ಯಾಸವಾದವರು ಅವನನ್ನು ಸರಿಗಟ್ಟಿದರು. ಮಾತಿಗೆ ಬದಲಾಗಿ ಮನುಷ್ಯ ಈ ನೆನಪನ್ನು ಬಿಟ್ಟುಕೊಟ್ಟ ಎಂಬುದು ಮಾತ್ಸುಜಾವಾ ಅವರ ಊಹೆ. ಸೊಗಸಾದ ಊಹೆ, ಆದರೆ ಸಾಬೀತಾದದ್ದಲ್ಲ. ಒಬ್ಬ ಆಯುಮುವಿನ ಮೇಲೆ ಅಷ್ಟು ಭಾರ ಹೊರಿಸುವುದನ್ನು ನಾನು ಒಪ್ಪಲಾರೆ.

ಇನ್ನು ಕಾಡಿನ ಪ್ರಶ್ನೆ. ಪರದೆಯ ಆಟದಲ್ಲಿ ನೆನಪಿಡಬೇಕಾದದ್ದು ಕೆಲವು ಸೆಕೆಂಡು ಮಾತ್ರ. ಕಾಡಿನ ಬದುಕಿಗೆ ಬೇಕಾದದ್ದು ವರ್ಷಗಟ್ಟಲೆ ಉಳಿಯುವ, ಜಾಗಕ್ಕೆ ಅಂಟಿಕೊಂಡ ನೆನಪು. ಅದನ್ನು ಮೊದಲು ಚೆನ್ನಾಗಿ ತೋರಿಸಿದವರು ಎಮಿಲ್ ಮೆನ್ಜೆಲ್, 1973ರಲ್ಲಿ. ಅವರ ಪ್ರಯೋಗಕ್ಕೆ ಯಂತ್ರ ಬೇಕಿರಲಿಲ್ಲ. ಅಮೆರಿಕದ ಲೂಸಿಯಾನಾದಲ್ಲಿ ಸುಮಾರು ಒಂದು ಎಕರೆಯ ಬೇಲಿ ಹಾಕಿದ ಬಯಲು, ಆರು ಎಳೆಯ ಚಿಂಪಾಂಜಿಗಳು. ಒಂದನ್ನು ಎತ್ತಿಕೊಂಡು ಒಬ್ಬರು ಬಯಲೆಲ್ಲ ಸುತ್ತುತ್ತಾರೆ, ಜೊತೆಗಿರುವವರು 18 ಕಡೆ ಹಣ್ಣು ಬಚ್ಚಿಡುತ್ತಾರೆ. ಅದು ನೋಡಬಹುದು, ಮುಟ್ಟುವಂತಿಲ್ಲ. ಆಮೇಲೆ ಏನೂ ನೋಡದ ಉಳಿದ ಐದರ ಜೊತೆ ಅದನ್ನು ಬಯಲಿಗೆ ಬಿಡುತ್ತಾರೆ. ನೋಡಿದ ಚಿಂಪಾಂಜಿ ಪ್ರತಿ ಸಲವೂ ಸರಾಸರಿ 12.5 ಹಣ್ಣು ಹುಡುಕಿ ತೆಗೆಯಿತು. ಎಲ್ಲ ಸುತ್ತುಗಳನ್ನೂ ಕೂಡಿಸಿದರೆ, ನೋಡಿದವುಗಳ ಪಾಲಿಗೆ 200 ಹಣ್ಣು ಸಿಕ್ಕರೆ ನೋಡದವುಗಳಿಗೆ ಸಿಕ್ಕಿದ್ದು 17. ವಾಸನೆ ಹಿಡಿದು ಹೋಗಿರಬಹುದೇ ಎಂಬ ಅನುಮಾನಕ್ಕೆ ಉತ್ತರವಾಗಿ ಈ 17 ಸಾಕು. ಮೂಗು ಆ ಐದಕ್ಕೂ ಇತ್ತಲ್ಲ.

ಅವು ಹಿಡಿದ ದಾರಿಯಂತೂ ಇನ್ನೂ ಸ್ವಾರಸ್ಯದ್ದು. ಬಚ್ಚಿಟ್ಟ ಕ್ರಮದಲ್ಲಿ ಅವು ನಡೆಯಲೇ ಇಲ್ಲ. ಹತ್ತಿರದ್ದನ್ನು ಮೊದಲು, ಅದರ ಪಕ್ಕದ್ದನ್ನು ಆಮೇಲೆ, ಹೀಗೆ ನಡಿಗೆ ಉಳಿಯುವಂತೆ ತಾವೇ ಹೊಸ ದಾರಿ ಕಟ್ಟಿಕೊಂಡವು. ನಡುವೆ ಮಲಗಿದ್ದ ಪ್ರಾಣಿ ತಟ್ಟನೆ ಎದ್ದು, ಉಳಿದಿದ್ದ ಹಣ್ಣಿನ ಜಾಗಕ್ಕೆ ನೇರ ಓಡಿದ್ದೂ ಉಂಟು. ಇನ್ನೊಂದು ಸುತ್ತಿನಲ್ಲಿ ಒಂಬತ್ತು ಕಡೆ ಹಣ್ಣು, ಒಂಬತ್ತು ಕಡೆ ತರಕಾರಿ ಇಟ್ಟರು. ಅವು ಹೋದದ್ದು ಹೆಚ್ಚಾಗಿ ಹಣ್ಣಿನ ಜಾಗಗಳಿಗೇ ಮೊದಲು. ಎಲ್ಲಿದೆ ಎಂಬುದರ ಜೊತೆಗೆ ಏನಿದೆ ಎಂಬುದೂ ತಲೆಯಲ್ಲಿತ್ತು, ಎರಡನ್ನೂ ಸೇರಿಸಿ ಲೆಕ್ಕ ಹಾಕಿದ್ದವು. ಅಂಕಿಗಳ ಆಟಕ್ಕಿಂತ ಇದು ಎಷ್ಟೋ ದೊಡ್ಡ ಸಾಧನೆ ಎಂದು ನಾನು ನಂಬಿದ್ದೇನೆ. ಇದರ ವಿಡಿಯೊ ಮನೆಮನೆಗೆ ಹರಿದಾಡಲಿಲ್ಲ ಎಂಬ ಬೇಸರವೂ ನನಗಿದೆ.

ಮೆನ್ಜೆಲ್ ಅವರ ಮಗ ಚಾರ್ಲ್ಸ್ ಮೆನ್ಜೆಲ್ ಈ ಕೆಲಸವನ್ನು ಮುಂದುವರಿಸಿದರು. ಜಾರ್ಜಿಯಾದಲ್ಲಿದ್ದ ಪಾನ್ಜಿ ಎಂಬ ಹೆಣ್ಣು ಚಿಂಪಾಂಜಿಗೆ ಚಿಹ್ನೆಗಳ ಫಲಕ ಬಳಸಲು ಬರುತ್ತಿತ್ತು. ಅದರ ಆವರಣದ ಹೊರಗಿನ ಮರಗಳ ನಡುವೆ, ಅದು ನೋಡುತ್ತಿದ್ದಂತೆ ತಿಂಡಿ ಬಚ್ಚಿಡುತ್ತಿದ್ದರು. ಅದಕ್ಕೆ ಹೊರಬರುವಂತಿಲ್ಲ. ಕೆಲವೊಮ್ಮೆ ರಾತ್ರಿ ಕಳೆದು, 16 ಗಂಟೆಗಳವರೆಗೂ ಆದಮೇಲೆ, ಏನೂ ತಿಳಿಯದ ಸಿಬ್ಬಂದಿಯೊಬ್ಬರನ್ನು ಅದು ಕರೆದು, ಆ ತಿಂಡಿಯ ಚಿಹ್ನೆ ಮುಟ್ಟಿ, ಕೈಚಾಚಿ ದಿಕ್ಕು ತೋರಿಸಿ, ಹುಡುಕಿಸಿಯೇ ಬಿಡುತ್ತಿತ್ತು. ಇದು 1999ರಲ್ಲಿ ಪ್ರಕಟವಾಯಿತು.

ಆದರೆ ನೀವು ಕೇಳಿದ್ದು ಬೇಲಿಯಿಲ್ಲದ ಕಾಡಿನ ಬಗ್ಗೆ. ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ನ ತಾಯ್ ಎಂಬ ಮಳೆಕಾಡಿಗೆ ಹೋಗೋಣ. ಅಲ್ಲಿ ಮರಗಳ ನಡುವೆ ದೂರಕ್ಕೆ ಕಣ್ಣು ಹಾಯುವುದಿಲ್ಲ. ಅಲ್ಲಿನ ಚಿಂಪಾಂಜಿಗಳು ಪಾಂಡಾ ಎಂಬ ಮರದ ಬೀಜವನ್ನು ಬೇರಿನ ಮೇಲಿಟ್ಟು ಕಲ್ಲಿನಿಂದ ಜಜ್ಜುತ್ತವೆ. ಅದು ಎಷ್ಟು ಗಟ್ಟಿಯೆಂದರೆ ಮರದ ತುಂಡು ಸಾಲದು, ಭಾರದ ಕಲ್ಲೇ ಆಗಬೇಕು. ಕಲ್ಲುಗಳೋ ಅಲ್ಲಿ ಅಪರೂಪ. ಕ್ರಿಸ್ಟೋಫ್ ಮತ್ತು ಹೆಡ್ವಿಗೆ ಬೋಶ್ ದಂಪತಿ ಕಲ್ಲುಗಳ ಓಡಾಟವನ್ನು ಗುರುತು ಹಾಕುತ್ತ ಹೋಗಿ 1984ರಲ್ಲಿ ಬರೆದರು: ಚಿಂಪಾಂಜಿಗಳು ಕಣ್ಣಿಗೆ ಕಾಣದಿದ್ದರೂ ಆ ಮರಕ್ಕೆ ಸಮೀಪವಿರುವ ಕಲ್ಲನ್ನೇ ಹೋಗಿ ತರುತ್ತವೆ. ನಿನ್ನೆ ಬೇರೊಂದು ಚಿಂಪಾಂಜಿ ಎಲ್ಲೋ ಬಿಟ್ಟುಹೋದ ಕಲ್ಲು ಈ ಮರದಿಂದ ಎಷ್ಟು ದೂರ, ಆ ಮರದಿಂದ ಎಷ್ಟು ದೂರ ಎಂಬ ಅಂದಾಜು ಅವಕ್ಕಿರಬೇಕು.

ಅದೇ ಕಾಡಿನಲ್ಲಿ ಕಾರ್ಲೈನ್ ಯಾನ್ಮಾತ್ ಮತ್ತು ಜೊತೆಗಾರರು ಐದು ಹೆಣ್ಣು ಚಿಂಪಾಂಜಿಗಳ ಹಿಂದೆ ಓಡಾಡಿದರು. 2014ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ನನಗೆ ಅಚ್ಚುಮೆಚ್ಚು. ಮಾರನೆಯ ಬೆಳಿಗ್ಗೆ ತಿನ್ನಬೇಕಾದದ್ದು ಅತ್ತಿ ಜಾತಿಯಂಥ ಬೇಗ ಮುಗಿದುಹೋಗುವ ಹಣ್ಣಾಗಿದ್ದರೆ, ಈ ತಾಯಂದಿರು ಕತ್ತಲಿರುವಾಗಲೇ ಗೂಡು ಬಿಟ್ಟು ಹೊರಡುತ್ತಿದ್ದರು. ಮರ ದೂರವಿದ್ದಷ್ಟೂ ಬೇಗ. ಚಿರತೆ ಓಡಾಡುವ ಹೊತ್ತದು. ತಡವಾದರೆ ಬೇರೆ ಪ್ರಾಣಿಗಳು ಹಣ್ಣು ಖಾಲಿ ಮಾಡುತ್ತವೆ. ರಾತ್ರಿಯ ಗೂಡನ್ನೂ ಬೆಳಗಿನ ಮರದ ದಿಕ್ಕಿಗೇ ಕಟ್ಟಿಕೊಳ್ಳುತ್ತಿದ್ದರು. ಇದೇ ತಂಡ ಅದರ ಹಿಂದಿನ ವರ್ಷ ತೋರಿಸಿದಂತೆ, ಹಿಂದಿನ ಹಂಗಾಮುಗಳಲ್ಲಿ ಚೆನ್ನಾಗಿ ಹಣ್ಣು ಕೊಟ್ಟಿದ್ದ ಮರಗಳನ್ನು ಅವು ನೆನಪಿಟ್ಟು ಬಂದು ಪರೀಕ್ಷಿಸುತ್ತವೆ. ನಿಮ್ಮ ಸೀಮೆಯಲ್ಲಿ ಅಪ್ಪೆಮಿಡಿ ಕೊಯ್ಯುವ ಹಿರಿಯರಿಗೆ ಹೊಳೆದಂಡೆಯ ಯಾವ ಮರ ಯಾವ ವರ್ಷ ಬಿಟ್ಟಿತ್ತು, ಈ ಸಲ ನೋಡಿಬರಬೇಕಾದದ್ದು ಯಾವುದು ಎಂಬುದು ಗೊತ್ತಿರುತ್ತದಲ್ಲ, ಹಾಗೆ.

ಮಳೆಕಾಡಿನಲ್ಲಿ ಒಂದೇ ಜಾತಿಯ ಮರಗಳೂ ಎಷ್ಟೋ ಸಲ ಒಟ್ಟಿಗೆ ಹಣ್ಣು ಬಿಡುವುದಿಲ್ಲ, ಪ್ರತಿ ವರ್ಷ ಬಿಡುವ ಭರವಸೆಯೂ ಇಲ್ಲ. ಅಲೆದಾಡಿ ಹುಡುಕಿದರೆ ಹೊಟ್ಟೆ ತುಂಬದು. ಯಾತಕ್ಕೆ ಬೇಕು ಎಂದು ಕೇಳಿದಿರಲ್ಲ, ಇದಕ್ಕೆ ಬೇಕು. ಹಳೆಯ ದೊಡ್ಡ ಮರವೊಂದನ್ನು ಕಡಿದಾಗ ಹೋಗುವುದು ಹಣ್ಣಷ್ಟೇ ಅಲ್ಲ. ಅದನ್ನು ನೆನಪಿಟ್ಟಿದ್ದ ಪ್ರತಿಯೊಂದು ಹೆಣ್ಣು ಚಿಂಪಾಂಜಿಯ ಬೆಳಗಿನ ಹಾದಿಯೂ ಕೆಡುತ್ತದೆ. ಕಾಡು ಕಡಿಯುವ ಲೆಕ್ಕದಲ್ಲಿ ಇದನ್ನು ಯಾರೂ ಬರೆದಿಡುವುದಿಲ್ಲ ಎಂಬುದು ನನ್ನನ್ನು ಬಹಳ ನೋಯಿಸುತ್ತದೆ.

ಮಕ್ಕಳಿಗೆ ಅಂಕಿಗಳ ತರಬೇತಿ ಬೇಡ. ಅದರಿಂದ ಆ ಆಟದಲ್ಲಷ್ಟೇ ಕೈ ಪಳಗುತ್ತದೆ. ಮೆನ್ಜೆಲ್ ಅವರ ಪ್ರಯೋಗವನ್ನೇ ಶಾಲೆಯ ಬಯಲಿನಲ್ಲಿ ಮಾಡಿಸಿ. ಒಂದು ಮಗುವಿನ ಕಣ್ಣೆದುರು 18 ಕಡೆ ನೆಲ್ಲಿಕಾಯಿ ಬಚ್ಚಿಡಿ, ಉಳಿದವರು ತರಗತಿಯಲ್ಲೇ ಇರಲಿ. ಆಮೇಲೆ ಎಲ್ಲರನ್ನೂ ಬಿಟ್ಟು, ಆ ಮಗು ನಡೆದ ದಾರಿಯನ್ನು ಕಾಗದದ ಮೇಲೆ ಗೆರೆ ಎಳೆಯಲು ಇಬ್ಬರಿಗೆ ಹೇಳಿ. ಬಚ್ಚಿಟ್ಟ ಕ್ರಮವನ್ನೂ ಬೇರೆ ಬಣ್ಣದಲ್ಲಿ ಬರೆಸಿ. ನಕ್ಷೆಗಳನ್ನು ಕಳಿಸಿಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಒಂದು ಪುಟ ತೆಗೆದಿಡುತ್ತೇನೆ.

ಸಂಪಾದಕ