ಅಮೆರಿಕದ ಸೇನೆ .45 ಪಿಸ್ತೂಲು ಬಿಟ್ಟು 9 ಎಂ.ಎಂ.ಗೆ ಹೋಗಿದ್ದು ಒದೆತ ಜಾಸ್ತಿ ಅಂತಾನಾ?

ಒದೆತ, ಅಂದರೆ ಗುಂಡು ಹಾರಿದಾಗ ಪಿಸ್ತೂಲು ಕೈಯನ್ನು ಹಿಂದಕ್ಕೆ ತಳ್ಳುವುದು, ಅದೂ ಒಂದು ಕಾರಣ, ಆದರೆ ಅದೊಂದೇ ಅಲ್ಲ. (.45 ಇಂಚು, 9 ಎಂ.ಎಂ. ಅನ್ನೋದು ಗುಂಡಿನ ದಪ್ಪ.) 1985ರಲ್ಲಿ ಬೆರೆಟ್ಟಾ ಎಂ9 ಅನ್ನೋ 9 ಎಂ.ಎಂ. ಪಿಸ್ತೂಲು ಆರಿಸಿದಾಗ ಮುಖ್ಯವಾಗಿ ಬೇಕಾಗಿದ್ದು ಉಳಿದ ನೇಟೋ ದೇಶಗಳು ಬಳಸುವ ಅದೇ ಗುಂಡು. ಮ್ಯಾಗಜಿನ್‌ನಲ್ಲಿ 7ರ ಬದಲು 15 ಗುಂಡು ಹಿಡಿಸಿದ್ದೂ ದೊಡ್ಡ ಲಾಭ.

ಈಗ ಒದೆತಕ್ಕೆ ಬರೋಣ. .45ರ ಗುಂಡು ಸುಮಾರು 15 ಗ್ರಾಂ, ವೇಗ ಕಡಿಮೆ. 9 ಎಂ.ಎಂ.ನದು ಸುಮಾರು 8 ಗ್ರಾಂ, ವೇಗ ಜಾಸ್ತಿ. ಲೆಕ್ಕ ಹಾಕಿದರೆ ಕೈಗೆ ಬೀಳುವ ಒದೆತ .45ರಲ್ಲೇ ಹೆಚ್ಚು. ಆದರೆ ಸೇನೆಯ ಹಳೆಯ .45, ಅಂದರೆ ಎಂ1911 ಪಿಸ್ತೂಲೇ ಸುಮಾರು 1.1 ಕೆಜಿ ತೂಗುತ್ತದೆ, ಆ ತೂಕ ಒಂದಷ್ಟು ಒದೆತವನ್ನು ನುಂಗಿಕೊಳ್ಳುತ್ತದೆ, ಹಾಗಾಗಿ ಕೈ ಮುರಿಯುತ್ತೆ ಅನ್ನೋದೆಲ್ಲ ಸುಮ್ನೆ ಮಾತು.

ನಿಜವಾದ ತೊಂದರೆ ಹೊಸಬರಿಗೆ. ಒದೆತಕ್ಕೆ ಹೆದರಿ, ಟ್ರಿಗರ್ ಪೂರ್ತಿ ಎಳೆಯುವ ಮೊದಲೇ ಮಣಿಕಟ್ಟನ್ನು ಕೆಳಗೆ ಒತ್ತಿಬಿಡುತ್ತಾರೆ, ಗುಂಡು ಗುರಿಗಿಂತ ಕೆಳಗೆ ಹೋಗುತ್ತದೆ. ಅವರಿಗೆ ಹೇಳದೆ ಮಧ್ಯೆ ಒಂದು ಡಮ್ಮಿ ಗುಂಡು ಸೇರಿಸಿ ನೋಡಿ: ಏನೂ ಸಿಡಿಯುವುದಿಲ್ಲ, ಆದರೂ ನಳಿಗೆಯ ತುದಿ ಕೆಳಗೆ ಕುಕ್ಕುತ್ತದೆ. ಪಿಸ್ತೂಲು ಅಪರೂಪಕ್ಕೆ ಹಿಡಿಯುವ ಸೈನಿಕನಿಗೆ ಈ ಹೆದರಿಕೆ ಬಿಡಿಸುವಷ್ಟು ಅಭ್ಯಾಸ ಸಿಗೋದು ಕಷ್ಟ ಅಲ್ವಾ? ಅವನಿಗೆ 9 ಎಂ.ಎಂ.ಯೇ ಸರಿ ಅಂತ ನನ್ನ ಅಭಿಪ್ರಾಯ. 2017ರಲ್ಲಿ ಎಂ9 ಬದಲಿಗೆ ಎಂ17 ಪಿಸ್ತೂಲು ಬಂದಾಗಲೂ ಸೇನೆ 9 ಎಂ.ಎಂ. ಅನ್ನೇ ಉಳಿಸಿಕೊಂಡಿತು.