ದ್ರವಸ್ಫಟಿಕ ಪಾಲಿಮರ್ ಎಲೆಕ್ಟ್ರೋಲೈಟ್‌ನಲ್ಲಿ ಅಯಾನುಗಳು ಹೇಗೆ ಸಾಗುತ್ತವೆ? ಆ ರಚನೆಯಿಂದ ಲಾಭವೇನು?

ಎಲೆಕ್ಟ್ರೋಲೈಟ್ ಎಂದರೆ ಬ್ಯಾಟರಿಯೊಳಗೆ ಅಯಾನುಗಳನ್ನು, ಅಂದರೆ ವಿದ್ಯುದಾವೇಶ ಹೊತ್ತ ಕಣಗಳನ್ನು, ಸಾಗಿಸುವ ವಸ್ತು. ದ್ರವಸ್ಫಟಿಕ ಎಂದರೆ ದ್ರವದಂತೆ ಮೆತ್ತಗಿದ್ದರೂ ಅಣುಗಳು ಶಿಸ್ತಾಗಿ ಜೋಡಣೆಯಾಗಿರುವ ಸ್ಥಿತಿ. ಮೊದಲು ಮಾಮೂಲಿ ಪಾಲಿಎಥಿಲೀನ್ ಆಕ್ಸೈಡ್ ಎಂಬ ಪಾಲಿಮರ್ (ಉದ್ದ ಸರಪಳಿ ಅಣುಗಳ ವಸ್ತು) ನೋಡಿ. ಅದಕ್ಕೆ ಲಿಥಿಯಂ ಲವಣ ಬೆರೆಸಿದರೆ ಸರಪಳಿಯ ನಾಲ್ಕೈದು ಆಕ್ಸಿಜನ್ ಪರಮಾಣುಗಳು ಒಂದು ಲಿಥಿಯಂ ಅಯಾನನ್ನು ಸುತ್ತುವರಿದು ಹಿಡಿದುಕೊಳ್ಳುತ್ತವೆ. ಸರಪಳಿ ಅಲುಗಾಡಿದಾಗ ಒಂದು ಆಕ್ಸಿಜನ್ ಕೈಬಿಡುತ್ತದೆ, ಪಕ್ಕದ್ದು ಹಿಡಿಯುತ್ತದೆ. ಅಯಾನು ಹೀಗೆ ಕೈಯಿಂದ ಕೈಗೆ ದಾಟುತ್ತಾ ಹೋಗುತ್ತದೆ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಪಾಲಿಮರ್‌ನ ಬಹುಭಾಗ ಸ್ಫಟಿಕವಾಗಿ ಬಿಗಿಯುವುದರಿಂದ ಅಲುಗಾಟ ಕುಗ್ಗಿ, ವಾಹಕತೆಯೂ ಕುಸಿಯುತ್ತದೆ.

ದ್ರವಸ್ಫಟಿಕದ ಉಪಾಯ ಬೇರೆ. ಅಣುವಿನ ಒಂದು ಭಾಗ ಕಡ್ಡಿಯಂತೆ ಗಡುಸು, ಇನ್ನೊಂದು ಅಯಾನನ್ನು ಹಿಡಿಯುವ ಮೆತ್ತನೆಯ ಎಥಿಲೀನ್ ಆಕ್ಸೈಡ್ ತುಂಡು. ಎರಡಕ್ಕೂ ಹೊಂದಾಣಿಕೆಯಿಲ್ಲ, ಎಣ್ಣೆ ನೀರಿನ ಹಾಗೆ. ಹಾಗಾಗಿ ಅವು ತಾವಾಗಿಯೇ ಬೇರ್ಪಟ್ಟು ಕೆಲವೇ ನ್ಯಾನೋಮೀಟರ್ ದಪ್ಪದ ಪದರಗಳಾಗಿ ಜೋಡಣೆಯಾಗುತ್ತವೆ. ಇದೇ ಸ್ಮೆಕ್ಟಿಕ್ ಹಂತ. ಮೆತ್ತನೆಯ ಪದರದ ಉದ್ದಕ್ಕೂ ಅಯಾನು ಸಲೀಸಾಗಿ ಸಾಗುತ್ತದೆ. ಅಡ್ಡ ದಾಟಬೇಕಾದರೆ ಗಡುಸು ಪದರವೇ ಗೋಡೆ.

ತೊಡಕು ಇರುವುದೂ ಇಲ್ಲೇ. ಮಾದರಿಯ ಒಂದೊಂದು ತುಣುಕಿನಲ್ಲಿ ಪದರಗಳು ಒಂದೊಂದು ದಿಕ್ಕಿಗೆ ತಿರುಗಿದ್ದರೆ ದಾರಿ ಗಡಿಗಡಿಯಲ್ಲೂ ತುಂಡಾಗುತ್ತದೆ. ಅದಕ್ಕೇ ಕಾಂತಕ್ಷೇತ್ರದಿಂದಲೋ, ತಿಕ್ಕಿ ಎಳೆದೋ ಸಾಲು ಮಾಡಿಸಿ, ಬೆಳಕು ಹಾಯಿಸಿ ಪಾಲಿಮರೀಕರಿಸಿ (ಅಣುಗಳನ್ನು ಒಂದಕ್ಕೊಂದು ಬೆಸೆದು) ರಚನೆಯನ್ನು ಭದ್ರಪಡಿಸುತ್ತಾರೆ. ಮೂರೂ ದಿಕ್ಕಿಗೆ ಕವಲೊಡೆದ ನಾಲೆಗಳಿರುವ ದ್ವಿಸಂತತ ಘನೀಯ (ಬೈಕಂಟಿನ್ಯುಯಸ್ ಕ್ಯೂಬಿಕ್) ಹಂತಕ್ಕೆ ಈ ಗೋಜೇ ಬೇಡ. ನನಗೆ ಹೆಚ್ಚು ಭರವಸೆ ಅದರ ಮೇಲೆಯೇ.

ಒಂದು ಎಚ್ಚರಿಕೆ: ಶಿಸ್ತಿನ ಜೋಡಣೆ ದಾರಿ ಕೊಡುತ್ತದೆ, ವೇಗ ಕೊಡುವುದಿಲ್ಲ. ವೇಗ ಬರುವುದು ಸರಪಳಿಯ ಅಲುಗಾಟದಿಂದಲೇ. ಗಡುಸು ಭಾಗ ಅತಿಯಾದರೆ ಪಕ್ಕದ ಮೆತ್ತನೆಯ ತುಂಡೂ ಬಿಗಿದು, ಮಾಡಿದ ಕೆಲಸವೆಲ್ಲ ವ್ಯರ್ಥ.