ಹಳೆಯ ಪ್ರೋಗ್ರೆಸಿವ್ ರಾಕ್ ಆಲ್ಬಮ್‌ಗಳಲ್ಲಿ ಪಿಟೀಲು ಮೇಳದಂತೆ ಕೇಳಿಸುವ, ಆದರೆ ಕೊಂಚ ನಡುಗುವ ಆ ದನಿ ಯಾವ ವಾದ್ಯದ್ದು?

ಅದು ಮೆಲೊಟ್ರಾನ್. ಸಿಂಥಸೈಸರ್, ಅಂದರೆ ಎಲೆಕ್ಟ್ರಾನಿಕ್ ಆಗಿ ದನಿ ಹುಟ್ಟಿಸುವ ವಾದ್ಯ, ಅಂತ ಬಹಳ ಜನ ತಪ್ಪು ತಿಳಿದಿದ್ದಾರೆ. ನಿಜವಾಗಿ ಅದು ಕೀಬೋರ್ಡ್ ವೇಷ ಹಾಕಿದ ಟೇಪ್ ರೆಕಾರ್ಡರ್. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾಗತೊಡಗಿತು.

ಒಂದೊಂದು ಕೀಲಿಯ ಕೆಳಗೂ ಒಂದೊಂದು ಟೇಪಿನ ಪಟ್ಟಿ ಇರುತ್ತದೆ. ಪಿಟೀಲು, ಕೊಳಲು ಅಥವಾ ವೃಂದಗಾನದ ಆ ಒಂದು ಸ್ವರವನ್ನು ಅದರಲ್ಲಿ ಮೊದಲೇ ಧ್ವನಿಮುದ್ರಿಸಿರುತ್ತಾರೆ. ಕೀಲಿ ಒತ್ತಿದರೆ ಟೇಪು, ಅದರಲ್ಲಿನ ದನಿಯನ್ನು ಓದುವ ಹೆಡ್‌ನ ಮೇಲೆ ಹರಿಯುತ್ತದೆ, ಬಿಟ್ಟರೆ ಸ್ಪ್ರಿಂಗ್ ಅದನ್ನು ಹಿಂದಕ್ಕೆಳೆಯುತ್ತದೆ. ಟೇಪಿನ ಉದ್ದ ಸುಮಾರು 8 ಸೆಕೆಂಡಿನಷ್ಟೇ. ಅಷ್ಟರೊಳಗೆ ಬೆರಳೆತ್ತದಿದ್ದರೆ ಸ್ವರ ತಟಕ್ಕನೆ ನಿಂತುಹೋಗುತ್ತದೆ! ಟೇಪಿನ ಓಟ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲವಲ್ಲ, ನೀವು ಹೇಳುವ ನಡುಕ ಬರುವುದು ಅಲ್ಲಿಂದಲೇ. ನನ್ನ ಕಿವಿಗೆ ಅಸಲಿ ಪಿಟೀಲು ಮೇಳಕ್ಕಿಂತ ಇದೇ ಹೆಚ್ಚು ಕಾಡುತ್ತದೆ.

ಮೂಡಿ ಬ್ಲೂಸ್‌ನ ಮೈಕ್ ಪಿಂಡರ್ ಬ್ಯಾಂಡ್ ಸೇರುವ ಮುಂಚೆ ಇದನ್ನು ತಯಾರಿಸುವ ಕಾರ್ಖಾನೆಯಲ್ಲೇ ಕೆಲಸಕ್ಕಿದ್ದವರು, ಹಾಗಾಗಿ ಇದರ ಮರ್ಮ ಚೆನ್ನಾಗಿ ಗೊತ್ತಿತ್ತು. ಕಿಂಗ್ ಕ್ರಿಮ್ಸನ್‌ನ 1969ರ ಮೊದಲ ಆಲ್ಬಮ್‌ನಲ್ಲಿ ನುಡಿಸಿದ್ದು ಇಯಾನ್ ಮ್ಯಾಕ್‌ಡೊನಾಲ್ಡ್. ಒಂದೇ ಒಂದು ಕೇಳುವುದಾದರೆ, ಜೆನೆಸಿಸ್‌ನ 1972ರ 'ಫಾಕ್ಸ್‌ಟ್ರಾಟ್' ಹಾಕಿ. ಮೊದಲ ಹಾಡು ಶುರುವಾಗುವುದೇ ಟೋನಿ ಬ್ಯಾಂಕ್ಸ್ ನುಡಿಸಿದ ಮೆಲೊಟ್ರಾನ್‌ನಿಂದ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಇನ್ನೂ ಒಳ್ಳೆಯದು.